ಪ್ರೊಸೆಸರ್ ಬದಲಿಸುವ ಮುನ್ನ: ಮದರ್‌ಬೋರ್ಡ್ ಏನು ಹೇಳುತ್ತದೆ?

ಕಂಪ್ಯೂಟರ್ ನಿಧಾನವಾಗಿದೆ ಎಂದಾಕ್ಷಣ ತಪ್ಪು ಪ್ರೊಸೆಸರಿನದೇ ಎಂದುಕೊಳ್ಳಬೇಡಿ. ತಡವರಿಸುತ್ತಿರುವ ಹೊತ್ತಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ 100% ಮುಟ್ಟಿ ಸಿಪಿಯು (ಅಂದರೆ ಪ್ರೊಸೆಸರ್) 20%ರ ಆಸುಪಾಸಿನಲ್ಲಿದ್ದರೆ ಬೇಕಾಗಿರುವುದು ಎಸ್‌ಎಸ್‌ಡಿ. ಮೆಮೊರಿ 90% ದಾಟಿದ್ದರೆ ರ‍್ಯಾಮ್. ಸಿಪಿಯು ಒಟ್ಟು 30% ಎಂದು ತೋರಿಸಿದರೂ ಅದರೊಳಗಿನ ಹಲವು ಕೆಲಸದ ಘಟಕಗಳಲ್ಲಿ ಒಂದೇ ಒಂದು ಕೋರ್ ಪೂರ್ತಿ ದುಡಿಯುತ್ತಿರಬಹುದು. ಗ್ರಾಫಿನ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆಬೇರೆಯಾಗಿ ನೋಡಿ.

ತೊಂದರೆ ಪ್ರೊಸೆಸರಿನದೇ ಎಂದಾದರೆ, ಆಯ್ಕೆ ಶುರುವಾಗುವುದು ಅದು ಕೂರುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿನಿಂದ. ವಿಂಡೋಸ್‌ನ ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಬೋರ್ಡಿನ ಮಾಡೆಲ್, ಬಯಾಸ್ (ಬೋರ್ಡನ್ನು ಚಾಲೂ ಮಾಡುವ, ಅದರಲ್ಲೇ ಇರುವ ತಂತ್ರಾಂಶ) ಆವೃತ್ತಿ ಎರಡೂ ಸಿಗುತ್ತವೆ. ಬೋರ್ಡ್ ತಯಾರಕರ ಜಾಲತಾಣದಲ್ಲಿ ಆ ಮಾಡೆಲ್‌ಗೆ ಸಿಪಿಯು ಸಪೋರ್ಟ್ ಪಟ್ಟಿ ಇರುತ್ತದೆ. ಅದರಲ್ಲಿ ಪ್ರೊಸೆಸರಿನ ಹೆಸರಿಗಿಂತ ಪಕ್ಕದ ಕಾಲಂ ಮುಖ್ಯ: ಯಾವ ಬಯಾಸ್‌ನಿಂದ ಅದು ನಡೆಯುತ್ತದೆ ಎಂಬುದು ಅಲ್ಲಿದೆ. ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಒಂದೇ ಆದರೆ ಸಾಲದು. ಇಂಟೆಲ್‌ನ 6, 7ನೇ ತಲೆಮಾರಿಗೂ 8, 9ನೇ ತಲೆಮಾರಿಗೂ ಎಲ್‌ಜಿಎ 1151 ಸಾಕೆಟ್ಟೇ. ಆದರೂ ಹಳೆಯ ಬೋರ್ಡಿನಲ್ಲಿ ಹೊಸದು ನಡೆಯುವುದಿಲ್ಲ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಸಿಗುವುದು ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇರುವವರಿಗೆ. 2017ರ ರೈಜನ್ 5 1600 ಇದ್ದ ಎಷ್ಟೋ ಬೋರ್ಡುಗಳು ಬಯಾಸ್ ಅಪ್‌ಡೇಟ್ ಆದ ಮೇಲೆ ರೈಜನ್ 5 5600 ತೆಗೆದುಕೊಳ್ಳುತ್ತವೆ. 6 ಕೋರ್, 12 ಥ್ರೆಡ್ (ಟಾಸ್ಕ್ ಮ್ಯಾನೇಜರಿನ ಲಾಜಿಕಲ್ ಪ್ರೊಸೆಸರ್), 65 ವ್ಯಾಟ್, ರ‍್ಯಾಮ್ ಬದಲಿಸಬೇಕಿಲ್ಲ. ಆದರೆ ಬಯಾಸ್ ಅಪ್‌ಡೇಟ್ ಹಳೆಯ ಪ್ರೊಸೆಸರ್ ಕೂತಿರುವಾಗಲೇ ಆಗಬೇಕು. ಇಲ್ಲವಾದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು.

ಬೋರ್ಡನ್ನೂ ಬದಲಿಸುವವರು ಇಂಟೆಲ್ ಐ3 12100 ನೋಡಬಹುದು: 4 ಕೋರ್, 8 ಥ್ರೆಡ್. ಡಿಡಿಆರ್4 ಬೋರ್ಡ್ ಆರಿಸಿದರೆ ಹಳೆಯ ಡಿಡಿಆರ್4 ರ‍್ಯಾಮ್ ಉಳಿಯುತ್ತದೆ. ಎಎಂಡಿಯ ಮುಂದಿನ ಸಾಕೆಟ್ ಎಎಂ5ಗೆ ಡಿಡಿಆರ್5 ರ‍್ಯಾಮ್ ಕಡ್ಡಾಯ, ಖರ್ಚು ಅಲ್ಲೇ ಏರುತ್ತದೆ. ಇಂಟೆಲ್‌ನ 13, 14ನೇ ತಲೆಮಾರಿನ ಹೆಚ್ಚು ಶಕ್ತಿಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅತಿವೋಲ್ಟೇಜಿನ ದೋಷ ಕಾಣಿಸಿಕೊಂಡು, 2024ರಲ್ಲಿ ಮೈಕ್ರೋಕೋಡ್ (ಚಿಪ್ಪಿನೊಳಗೆ ನಡೆಯುವ ಸೂಚನೆಗಳು) ತಿದ್ದುಪಡಿ ಬಂತು. ಅದು ಮುಂದೆ ಆಗುವ ಹಾನಿಯನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಕೆಟ್ಟದ್ದನ್ನು ಸರಿಮಾಡುವುದಿಲ್ಲ. ಹಾಗಾಗಿ ಅವುಗಳನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳದಿರುವುದೇ ಒಳ್ಳೆಯದು.

ಹೆಸರಿನ ಕೊನೆಯ ಅಕ್ಷರ ಗಮನಿಸಿ. 12100ಎಫ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ರೈಜನ್ 5600ನಲ್ಲೂ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು 5600ರ ಬದಲು 5600ಜಿ ಕೊಳ್ಳಬೇಕು. ಅದರ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 32 ಎಂಬಿ ಬದಲು 16 ಎಂಬಿ.

ಬಿಚ್ಚುವ ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆ ಬೀಗದ ಕೀ ಕಾಯುವ ಟಿಪಿಎಂ ಪ್ರೊಸೆಸರಿನೊಳಗೇ ಇದ್ದರೆ, ಚಿಪ್ ಬದಲಾದಾಗ ವಿಂಡೋಸ್ ಆ ರಿಕವರಿ ಕೀ ಕೇಳುತ್ತದೆ.

ಎಎಂ4ನಲ್ಲಿ ಅತಿ ಹೆಚ್ಚು ಅನಾಹುತ ಕೂಲರ್ ತೆಗೆಯುವಾಗ ಆಗುತ್ತದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತೆ ಹಿಡಿದಿರುತ್ತದೆ. ನೇರ ಎಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಕಿತ್ತುಬರುತ್ತದೆ, ಪಿನ್ ಬಾಗುತ್ತವೆ. ಹತ್ತು ನಿಮಿಷ ಭಾರೀ ಕೆಲಸ ಕೊಟ್ಟು ಬಿಸಿಮಾಡಿ, ಆಫ್ ಮಾಡಿ ಪವರ್ ಕೇಬಲ್ ತೆಗೆಯಿರಿ. ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ತಿರುಗಿಸುತ್ತಿದ್ದರೆ ತಾನಾಗಿಯೇ ಸಡಿಲವಾಗುತ್ತದೆ. ಹೊಸ ಚಿಪ್ಪಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಸೇರಬೇಕು. ಒತ್ತಬಾರದು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಹೊಸ ಕೂಲರಿನ ತಳದಲ್ಲಿ ಮೊದಲೇ ಹಚ್ಚಿದ್ದರೆ ಅದೂ ಬೇಡ.

ಆನ್ ಮಾಡಿದ ಮೇಲೆ ಸುಮ್ಮನಿರುವಾಗಲೇ ತಾಪ 80 ಡಿಗ್ರಿ ಮೀರುತ್ತಿದ್ದರೆ ಕೂಡಲೇ ಆಫ್ ಮಾಡಿ. ಬಹುಪಾಲು, ಕೂಲರಿನ ಒಂದು ಮೂಲೆ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ತಳದ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿರುತ್ತದೆ.