ಸೋರಲೇಬೇಕಾದ ರಂಧ್ರ, ಸೋರಬಾರದ ತಿದಿ

ತುಳಿದರೆ ಕಾಲಿಗೆ ಏನೂ ತಾಗಲಿಲ್ಲ. ನೀರು ಬತ್ತಿದ ಕೊಳವೆಬಾವಿಯ ಕೈಪಂಪು ಒತ್ತಿದಂತೆ ಎರಡೂ ಪೆಡಲ್‌ಗಳು ಸಲೀಸಾಗಿ ಕೆಳಗಿಳಿದವು, ಒಳಗೆಲ್ಲೋ ಬುಸ್ಸೆಂದಿತು. ಡೆಟ್ರಾಯಿಟ್ ಸಮೀಪದ ಒಂದು ಹಳೆಯ ಮನೆಯವರು ‘ಸಾಗಿಸಿಕೊಂಡು ಹೋದರೆ ನಿಮ್ಮದು’ ಎಂದು ಕೊಟ್ಟ ಪ್ಲೇಯರ್ ಪಿಯಾನೊ ಅದು. ಇಂಥವು 350 ಕಿಲೋ ದಾಟುವುದುಂಟು. ಬಿಟ್ಟಿ ಸಿಕ್ಕಿತೆಂದು ಹಿಗ್ಗಿದ್ದ ನನಗೆ ಸಾಗಣೆಯ ಬಿಲ್ಲು ನೋಡಿದ ಮೇಲೆ ಬುದ್ಧಿ ಬಂತು.

ಬೆರಳಿಲ್ಲದೆ ನುಡಿಯುವ ವಾದ್ಯ ಇದು. ಎಡ್ವಿನ್ ವೋಟಿ ಎಂಬವರು 1895ರಲ್ಲಿ ತಮ್ಮ ಮೊದಲ ‘ಪಿಯಾನೋಲ’ವನ್ನು ಜೋಡಿಸಿದ್ದು ಇದೇ ಡೆಟ್ರಾಯಿಟ್‌ನಲ್ಲಿ. ಅದನ್ನು ಪಿಯಾನೊದ ಮುಂದೆ ತಂದು ನಿಲ್ಲಿಸಬೇಕಿತ್ತು. ಮುಂದೆ ಯಂತ್ರವೆಲ್ಲ ಪಿಯಾನೊದ ಹೊಟ್ಟೆಯೊಳಗೇ ಸೇರಿತು. ವಿದ್ಯುತ್ತು ಬೇಡ, ತುಳಿಯುವ ಕಾಲು ಸಾಕು.

ನಮ್ಮ ಹಾರ್ಮೋನಿಯಂನ ತಿದಿ ಗಾಳಿಯನ್ನು ತಳ್ಳುತ್ತದೆ, ಇದರ ತಿದಿ ಹೀರುತ್ತದೆ. ರಂಧ್ರಗಳಿರುವ ಕಾಗದದ ಸುರುಳಿ, ಅಂದರೆ ರೋಲು, ಒಂದು ಹಿತ್ತಾಳೆ ಪಟ್ಟಿಯ ಮೇಲೆ ಜಾರುತ್ತ ಹೋಗುತ್ತದೆ. ಪಟ್ಟಿಯಲ್ಲಿ ಪಿಯಾನೊದ 88 ಮನೆಗಳಿಗೆ (ಬೆರಳಿಂದ ಒತ್ತುವ ಕೀಲಿಗಳಿಗೆ) 88 ತೂತು. ಪ್ರತಿ ತೂತಿನಿಂದ ಒಂದು ಕೊಳವೆ ಹೊರಟು ತೆಳು ಚರ್ಮದ ಪುಟ್ಟ ಚೀಲವೊಂದರ ಅಡಿ ಸೇರುತ್ತದೆ. ಕಾಗದದ ರಂಧ್ರ ತೂತಿನ ಮೇಲೆ ಬಂದೊಡನೆ ಹೊರಗಿನ ಗಾಳಿ ಒಳನುಗ್ಗುತ್ತದೆ, ಚೀಲ ಉಬ್ಬುತ್ತದೆ, ಅದರ ಮೇಲಿನ ಕವಾಟ ಎದ್ದು ಬೆರಳುದ್ದದ ಒಂದು ಬಟ್ಟೆಯ ತಿದಿಗೆ ನಿರ್ವಾತದ ದಾರಿ ತೆರೆಯುತ್ತದೆ. ಆ ತಿದಿ ಕುಸಿದು ಸುತ್ತಿಗೆಯನ್ನು ತಂತಿಗೆ ಬಡಿಸುತ್ತದೆ. ನಿರ್ವಾತವೆಂದರೆ ಪೂರ್ತಿ ಅಲ್ಲ. 50 ಸೆಂಟಿಮೀಟರ್ ನೀರಿನ ಒತ್ತಡದಷ್ಟು ಹೀರಿದರೆ ಸಾಕು, ಅದು ವಾಯುಭಾರದ ಇಪ್ಪತ್ತನೇ ಒಂದು ಪಾಲು. ಹಾಗಿದ್ದೂ 3 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ ತಿದಿಯ ಮೇಲೆ ಬೀಳುವ ಭಾರ 1.8 ಕಿಲೋ! ಕೈಯಿಂದ ನುಡಿಸುವಾಗ ಒಂದು ಮನೆ ಇಳಿಯಲು ಸುಮಾರು 50 ಗ್ರಾಂ ಸಾಕು.

ನನ್ನನ್ನು ಮರುಳು ಮಾಡಿದ್ದು ಇದರ ಮುಂದಿನ ಹೆಜ್ಜೆ. ಕಾಗದ ಮತ್ತೆ ತೂತನ್ನು ಮುಚ್ಚಿದಾಗ ಚೀಲದಡಿ ಸಿಕ್ಕಿಕೊಂಡ ಗಾಳಿ ಹೋಗುವುದೆಲ್ಲಿಗೆ? ಅದಕ್ಕೆಂದೇ ಪ್ರತಿ ಚೀಲದ ಪಕ್ಕದಲ್ಲೂ ಮಿಲಿಮೀಟರಿಗಿಂತ ಕಿರಿದಾದ ಒಂದು ರಂಧ್ರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಸಿಕ್ಕಿಬಿದ್ದ ಗಾಳಿ ಅದರ ಮೂಲಕ ನಿರ್ವಾತದ ಕಡೆಗೆ ಸೋರಿ, ಚೀಲ ಇಳಿದು, ಸ್ವರ ನಿಲ್ಲುತ್ತದೆ. ಈ ಸೋರಿಕೆಯಿಲ್ಲದಿದ್ದರೆ ಎದ್ದ ಸ್ವರ ಎದ್ದೇ ಇರುತ್ತದೆ, ಬೀಳುವುದಿಲ್ಲ.

ಇಷ್ಟು ತಿಳಿದರೆ ಹೊಸಬನೂ ನಾಡಿ ಹಿಡಿಯಬಹುದು. ಒಂದು ಸ್ವರ ರೋಲಿನಲ್ಲಿ ಇಲ್ಲದಿದ್ದರೂ ಎದ್ದು ಕುಳಿತರೆ ಬಹುಶಃ ಅದರ ಕೊಳವೆ ಬಿರಿದಿದೆ. ಬಿರುಕನ್ನೇ ಯಂತ್ರ ಕಾಗದದ ರಂಧ್ರವೆಂದು ಓದುತ್ತಿದೆ. ಬೇಗ ಬೇಗ ಎರಡು ಸಲ ಬಡಿಯಬೇಕಾದ ಸ್ವರ ಒಂದೇ ಸಲ ಬಡಿದರೆ ಸಣ್ಣ ರಂಧ್ರಕ್ಕೆ ಕಸ ಕಟ್ಟಿರಬಹುದು. ಮೂಕವಾದ ಸ್ವರಕ್ಕೆ ಕಾರಣ ಹಲವು: ಹಿತ್ತಾಳೆ ತೂತಿನಲ್ಲಿ ಕಾಗದದ ಧೂಳು, ಜೀರ್ಣವಾದ ಚರ್ಮ, ಹರಿದ ತಿದಿ. ಧೂಳನ್ನು ಊದಬಾರದು, ಹೀರಿ ತೆಗೆಯಬೇಕು. ಊದಿದರೆ ಅದು ನೇರವಾಗಿ ಆ ಸಣ್ಣ ರಂಧ್ರಕ್ಕೇ ಹೋಗಿ ಕೂರುತ್ತದೆ. ನಾನು ಊದಿದ್ದೆ.

ರೋಲಿನ ಚಿಂತೆ ಮಾತ್ರ ಇರಲಿಲ್ಲ. 1908ರಲ್ಲಿ ಅಮೆರಿಕದ ತಯಾರಕರು ಬಫಲೋ ನಗರದಲ್ಲಿ ಸೇರಿ ಕಾಗದದ ಅಗಲ 11¼ ಇಂಚು, ಇಂಚಿಗೆ 9 ತೂತು ಎಂದು ಒಪ್ಪಿದ್ದರಿಂದ ಅಂದಿನ ರೋಲೂ ಇಂದಿನ ರೋಲೂ ಒಂದೇ ಯಂತ್ರದಲ್ಲಿ ಓಡುತ್ತವೆ. ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟು, ಮನುಷ್ಯನ ಕಣ್ಣಿಗೆ ಓದಲಾಗದ ರೋಲು ಸಂಗೀತದ ‘ಪ್ರತಿ’ಯೇ ಅಲ್ಲ ಎಂದು ತೀರ್ಪಿತ್ತಿತ್ತು, ಮರುವರ್ಷ ಸಂಸತ್ತು ಕಾನೂನನ್ನೇ ಬದಲಿಸಿ ಸಂಗೀತ ರಚನಕಾರರಿಗೆ ರಾಯಧನ ಕೊಡಿಸಿತು. ದೊಡ್ಡಬಳ್ಳಾಪುರದಲ್ಲಿ ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳನ್ನು ಕಂಡವರಿಗೆ ಈ ಲಿಪಿ ಅಷ್ಟೇನೂ ಅಪರಿಚಿತವಲ್ಲ.

ಬಹುಪಾಲು ಸಮಯ ತಿಂದದ್ದು ಅಂಟು. ಮೂಲ ಕುಶಲಿಗಳು ಚರ್ಮ ಕುದಿಸಿ ಮಾಡಿದ ಸರೇಸಿನಿಂದ ಬಟ್ಟೆಯನ್ನು ಅಂಟಿಸಿದ್ದರು. ಬಿಸಿ, ತೇವ ತಾಗಿಸಿದರೆ ಅದು ಬಿಟ್ಟುಕೊಡುತ್ತದೆ, ಮರಕ್ಕೆ ನೋವಾಗುವುದಿಲ್ಲ. ನಡುವೆ ಯಾರೋ ಪುಣ್ಯಾತ್ಮರು ಹನ್ನೊಂದು ತಿದಿಗಳಿಗೆ ಬಿಳಿ ಅಂಟು ಬಳಿದಿದ್ದರು. ಅವನ್ನು ಬಿಚ್ಚುವಾಗ ಮರವೇ ಸಿಗುರಾಗಿ ಎದ್ದು ಬಂತು. ಅವರನ್ನು ಬೈದುಕೊಳ್ಳುತ್ತ ನಾನು ಕೊಳವೆಗಳಿಗೆ ಸಂಖ್ಯೆ ಬರೆಯದೆಯೇ ಕಳಚಿದೆ. ಮರಳಿ ಜೋಡಿಸಿದ ಮೇಲೆ ಎರಡು ಅಕ್ಕಪಕ್ಕದ ಸ್ವರಗಳು ಅದಲುಬದಲಾಗಿ ನುಡಿದವು. ಹಾಡು ಗುರುತು ಸಿಗುತ್ತಿತ್ತು, ಆದರೆ ಶೀತವಾದವರು ಹಾಡಿದಂತಿತ್ತು.

ಕೊನೆಗೆ ಕೆಳಗಿನ ದೊಡ್ಡ ಸಂಗ್ರಹ ತಿದಿಗೆ ರಬ್ಬರು ಲೇಪಿಸಿದ ಹೊಸ ಬಟ್ಟೆ ಹೊದಿಸಿದೆ. ಒಳಗಿನ ಸ್ಪ್ರಿಂಗುಗಳು ಅದನ್ನು ಸದಾ ತೆರೆಯಲು ನೋಡುತ್ತಿರುತ್ತವೆ, ಹೀರುವಿಕೆ ಮುಚ್ಚಿ ಹಿಡಿಯುತ್ತದೆ. ಮೊದಲು ತುಳಿಯುವುದನ್ನು ನಿಲ್ಲಿಸಿದೊಡನೆ ಬಾಯಿ ಬಿಡುತ್ತಿದ್ದದ್ದು, ಈಗ ನಿಧಾನವಾಗಿ, ಮನಸ್ಸಿಲ್ಲದೆ ತೆರೆದುಕೊಂಡಿತು. ರೋಲು ಹಾಕದೆಯೇ ಮತ್ತೊಮ್ಮೆ ತುಳಿದೆ. ಪೆಡಲ್ ಅರ್ಧಕ್ಕೆ ಇಳಿದು ಕಾಲನ್ನು ಎದುರು ಒತ್ತಿತು.