ಟಿಪಿಎಸ್ ರಿಪೋರ್ಟ್ ಅಂದರೆ ಏನು?

ಸಾಫ್ಟ್‌ವೇರ್ ಆಫೀಸಿನಲ್ಲಿ ಯಾರಾದರೂ ಬೇಜಾರಿನಿಂದ "ಇನ್ನು ಟಿಪಿಎಸ್ ರಿಪೋರ್ಟ್ ಬೇರೆ ತುಂಬಬೇಕು" ಅಂದರೆ, ಅವರ ಮುಂದೆ ಆ ಹೆಸರಿನ ಕಾಗದವೇ ಇರಬೇಕೆಂದೇನಿಲ್ಲ. ಯಾರೂ ಓದದ, ಆದರೂ ತುಂಬಿ ಕೊಡಲೇಬೇಕಾದ ಯಾವ ಫಾರಂಗಾದರೂ ಈ ಹೆಸರು ನಡೆಯುತ್ತದೆ.

ಈ ಮಾತು ಊರೆಲ್ಲ ಹಬ್ಬಿದ್ದು 1999ರಲ್ಲಿ ಬಂದ 'ಆಫೀಸ್ ಸ್ಪೇಸ್' ಎಂಬ ಅಮೆರಿಕದ ಹಾಸ್ಯ ಚಿತ್ರದಿಂದ. ಬರೆದು ನಿರ್ದೇಶಿಸಿದವರು ಮೈಕ್ ಜಡ್ಜ್. ಭೌತಶಾಸ್ತ್ರ ಓದಿ, ಸ್ವಲ್ಪ ಕಾಲ ಇಂಜಿನಿಯರ್ ಆಗಿ ದುಡಿದವರು. ಆಫೀಸಿನ ಒಳಗುಟ್ಟು ಅವರಿಗೆ ಚೆನ್ನಾಗಿ ಗೊತ್ತಿತ್ತು. ಚಿತ್ರದ ನಾಯಕ ಪೀಟರ್ ಗಿಬ್ಬನ್ಸ್, ಇನಿಟೆಕ್ ಎಂಬ ಕಂಪನಿಯ ನೌಕರ. ಬ್ಯಾಂಕ್ ಸಾಫ್ಟ್‌ವೇರ್‌ನಲ್ಲಿ ಎರಡೇ ಅಂಕಿಯಲ್ಲಿರುವ ಇಸವಿಯನ್ನು ನಾಲ್ಕು ಅಂಕಿಗೆ ಬದಲಾಯಿಸುವುದು ಅವನ ಕೆಲಸ. 2000ನೇ ಇಸವಿ ಬಂದಾಗ ಕಂಪ್ಯೂಟರ್ ಲೆಕ್ಕ ತಪ್ಪಬಾರದೆಂದು ಮಾಡುತ್ತಿದ್ದ ವೈಟುಕೆ (Y2K) ಕೆಲಸ ಅಂದರೆ ಅದೇ. ಆಗ ಬೆಂಗಳೂರಿನ ಕಂಪನಿಗಳಲ್ಲೂ ಎಷ್ಟೋ ಜನ ಇದನ್ನೇ ಮಾಡುತ್ತಿದ್ದರು.

ಒಂದು ದಿನ ಪೀಟರ್ ತನ್ನ ಟಿಪಿಎಸ್ ರಿಪೋರ್ಟ್‌ಗೆ ಹೊಸ ಕವರ್ ಶೀಟ್ ಹಾಕಲು ಮರೆಯುತ್ತಾನೆ. ಬಾಸ್ ಲಂಬರ್ಗ್ ಕಾಫಿ ಕಪ್ ಹಿಡಿದುಕೊಂಡು ನಿಧಾನಕ್ಕೆ ಬರುತ್ತಾನೆ. ಕವರ್ ಶೀಟ್ ಹಾಕಬೇಕೆಂದು ಕಳಿಸಿದ್ದ ಮೆಮೊ ನೋಡಲಿಲ್ವಾ ಎಂದು ಕೇಳುತ್ತಾನೆ. ನೋಡಿದ್ದೀನಿ, ಇಲ್ಲೇ ಇದೆ, ಮರೆತುಹೋಯಿತು ಅಂತ ಪೀಟರ್ ಹೇಳುತ್ತಾನೆ. ರಿಪೋರ್ಟ್ ಹೊರಗೆ ಹೋಗುವುದು ನಾಳೆ, ಇನ್ನೂ ಟೈಮ್ ಇದೆ. ಆದರೂ ಲಂಬರ್ಗ್, ಆ ಮೆಮೊದ ಇನ್ನೊಂದು ಪ್ರತಿ ಕಳಿಸುತ್ತೇನೆ ಎನ್ನುತ್ತಾನೆ! ಅವನು ಹೋದ ಮೇಲೆ ಇನ್ನೊಬ್ಬ ಮೇಲಧಿಕಾರಿ ಬಂದು ಅದನ್ನೇ ಹೇಳುತ್ತಾನೆ. ಆಮೇಲೆ ಫೋನ್ ಬರುತ್ತದೆ. ಅದೂ ಕವರ್ ಶೀಟ್ ಬಗ್ಗೆಯೇ. ಪೀಟರ್‌ಗೆ ಒಟ್ಟು ಎಂಟು ಜನ ಬಾಸ್‌ಗಳು. ಒಂದು ತಪ್ಪಾದರೆ ಎಂಟು ಜನರಿಂದ ಹೇಳಿಸಿಕೊಳ್ಳಬೇಕು. ನನ್ನ ಪ್ರಕಾರ ಈ ಪದದ ಅರ್ಥ ಇರುವುದೇ ಇಲ್ಲಿ. ನೋಯಿಸುವುದು ಆ ಕಾಗದ ಅಲ್ಲ. ಗೊತ್ತಿರುವ ಮಾತನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳಬೇಕಾಗುತ್ತದಲ್ಲ, ಅದು.

ಟಿಪಿಎಸ್ ಅಂದರೆ ಏನೆಂದು ಚಿತ್ರದಲ್ಲಿ ಬಿಡಿಸಿ ಹೇಳುವುದಿಲ್ಲ. 'ಟೆಸ್ಟ್ ಪ್ರೋಗ್ರಾಂ ಸೆಟ್' ಎಂದು ಜಡ್ಜ್ ಆಮೇಲೆ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಸಾಫ್ಟ್‌ವೇರ್ ಪರೀಕ್ಷೆ ಮಾಡುವವರಿಗೆ 'ಟೆಸ್ಟ್ ಪ್ರೊಸೀಜರ್ ಸ್ಪೆಸಿಫಿಕೇಶನ್' ಎಂಬ ನಿಜವಾದ ದಾಖಲೆಯೂ ಗೊತ್ತು. ಯಾವ ಪರೀಕ್ಷೆಯನ್ನು ಯಾವ ಕ್ರಮದಲ್ಲಿ ಮಾಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಅದು ಕೆಲಸಕ್ಕೆ ಬರುವ ಕಾಗದ. ಹಾಗಾಗಿ ಎಲ್ಲ ದಾಖಲೆಯನ್ನೂ ಸುಮ್ನೆ ಟಿಪಿಎಸ್ ರಿಪೋರ್ಟ್ ಅಂದುಬಿಡುವುದು ಸರಿಯಲ್ಲ.

ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ ಪ್ರತಿ ಶುಕ್ರವಾರ ವಾರದ ಲೆಕ್ಕವನ್ನು ಮೂರು ಶೀಟುಗಳಲ್ಲಿ ತುಂಬಬೇಕಿತ್ತು. ಮೂರರಲ್ಲೂ ಅದೇ ಗಂಟೆಗಳು, ಅದೇ ಕೆಲಸ. ಒಮ್ಮೆ ಮೂರನೆಯದರಲ್ಲಿ ತಾರೀಖನ್ನು ಬೇರೆ ಥರ ಬರೆದಿದ್ದೆ. ಸೋಮವಾರ ಬೆಳಗ್ಗೆ ಇಬ್ಬರಿಂದ ಮೇಲ್ ಬಂದಿತ್ತು. ಅಂಥ ಶೀಟಿಗೆ ಈ ಹೆಸರು ಸರಿಯಾಗಿ ಒಪ್ಪುತ್ತದೆ.