17 ಹೊಡೆದ ಕೆರಿ ಸೋತಿದ್ದು ಹೇಗೆ?

ಪ್ರಶ್ನೆ: ಐರ್ಲೆಂಡ್‌ನ ಗೇಲಿಕ್ ಫುಟ್‌ಬಾಲ್ ಬಗ್ಗೆ ಓದುತ್ತಿದ್ದೆ. 1982ರ ಆಲ್-ಐರ್ಲೆಂಡ್ ಫೈನಲ್ ಸ್ಕೋರ್ ಆಫಲಿ 1-15, ಕೆರಿ 0-17 ಅಂತಿದೆ. ಆದರೆ ಗೆದ್ದಿದ್ದು ಆಫಲಿ. 17 ಹೊಡೆದವರು ಸೋತಿದ್ದು ಹೇಗೆ?

ಉತ್ತರ: ಈ ಆಟಕ್ಕೆ ಹೊಸಬರಾದ ಎಲ್ಲರಿಗೂ ಬರುವ ಅನುಮಾನ ಇದು. ಗುಟ್ಟಿರುವುದು ಗೋಲ್‌ಪೋಸ್ಟ್‌ನಲ್ಲಿ. ಅದು ಇಂಗ್ಲಿಷಿನ ಎಚ್ ಅಕ್ಷರದ ಹಾಗಿರುತ್ತದೆ. ಅಡ್ಡಪಟ್ಟಿಯ ಕೆಳಗೆ ಬಲೆ, ಮೇಲೆ ಬಯಲು. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಪಕ್ಕದಲ್ಲಿ ನಿಂತ ಅಂಪೈರ್ ಬಿಳಿ ಬಾವುಟ ಬೀಸುತ್ತಾರೆ. ಕೆಳಗೆ ಬಲೆಗೆ ಬಿದ್ದರೆ ಗೋಲ್, ಆಗ ಹಸಿರು ಬಾವುಟ. ಒಂದು ಗೋಲ್ ಅಂದರೆ ಮೂರು ಪಾಯಿಂಟ್.

ಸ್ಕೋರ್‌ನಲ್ಲಿ ಮೊದಲು ಬರುವುದು ಗೋಲ್, ಆಮೇಲೆ ಪಾಯಿಂಟ್. ಹಾಗಾಗಿ 1-15 ಅಂದರೆ 3 ಕೂಡಿಸು 15, ಒಟ್ಟು 18. ಕೆರಿಯದು 17. ಒಂದೇ ಒಂದು ಪಾಯಿಂಟ್ ಅಂತರ!

ಲೆಕ್ಕ ಇಷ್ಟೇ. ಆದರೆ ಆ ಒಂದು ಗೋಲ್ ಬಂದ ಬಗೆಯನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ.

ಕೆರಿ ಆಗ ಸೋಲನ್ನೇ ಮರೆತಿದ್ದ ತಂಡ. 1978ರಿಂದ 1981ರವರೆಗೆ ಸತತ ನಾಲ್ಕು ಸಲ ಕಪ್ ಗೆದ್ದಿತ್ತು. ಸತತ ಐದು ಸಲ ಅದುವರೆಗೆ ಯಾರೂ ಗೆದ್ದಿರಲಿಲ್ಲ. ಈ ಸಲ ಅದೂ ಆಗಿಯೇ ಹೋಯಿತು ಅನ್ನುವಷ್ಟು ನಂಬಿಕೆ ಊರಲ್ಲೆಲ್ಲ ಇತ್ತು. ಫೈನಲ್‌ಗೆ ಮೊದಲೇ ಐದನೇ ಗೆಲುವಿನ ಹಾಡು ಬಂದಿತ್ತು, ಟೀ ಶರ್ಟ್ ಅಚ್ಚಾಗಿತ್ತು. ಎದುರಿಗಿದ್ದ ಆಫಲಿ ಚಿಕ್ಕ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಹಿಂದಿನ ವರ್ಷದ ಫೈನಲ್‌ನಲ್ಲಿ ಇದೇ ಕೆರಿಗೆ ಸೋತಿತ್ತು. ಈ ಆಟದಲ್ಲಿ ಆಟಗಾರರನ್ನು ಕೊಂಡು ತಂಡ ಕಟ್ಟುವುದಿಲ್ಲ. ತಮ್ಮ ಕೌಂಟಿಗಾಗಿ ಆಡುತ್ತಾರೆ, ಅದಕ್ಕೆ ಸಂಬಳವೂ ಇಲ್ಲ. ಸೋತರೆ ಇಡೀ ಊರೇ ಸೋತ ಹಾಗೆ.

1982ರ ಸೆಪ್ಟೆಂಬರ್ 19. ಡಬ್ಲಿನ್‌ನ ಕ್ರೋಕ್ ಪಾರ್ಕ್. ಮಳೆ ಬೇರೆ. ಎರಡನೇ ಅರ್ಧದಲ್ಲಿ ಕೆರಿಗೆ ಪೆನಾಲ್ಟಿ ಸಿಕ್ಕಿತು. ಮಿಕಿ ಷೀಹಿ ಒದ್ದರು, ಆಫಲಿ ಗೋಲ್‌ಕೀಪರ್ ಮಾರ್ಟಿನ್ ಫರ್ಲಾಂಗ್ ತಡೆದರು. ಸ್ಕೋರ್‌ನಲ್ಲಿ ಕೆರಿಯ ಮುಂದಿರುವ ಆ ಸೊನ್ನೆ ಇದೆಯಲ್ಲ, ಅದನ್ನು ಸೊನ್ನೆಯಾಗಿಯೇ ಉಳಿಸಿದ್ದು ಈ ತಡೆ. ನನ್ನ ಮಟ್ಟಿಗೆ ಪಂದ್ಯ ತಿರುಗಿದ್ದು ಇಲ್ಲೇ.

ಆದರೂ ಕೊನೆಯ ಹೊತ್ತಿಗೆ ಕೆರಿ ನಾಲ್ಕು ಪಾಯಿಂಟ್ ಮುಂದಿತ್ತು, 0-17ಕ್ಕೆ 0-13. ಆಫಲಿಯ ಮ್ಯಾಟ್ ಕಾನರ್ ಎರಡು ಫ್ರೀ ಕಿಕ್ ಒದ್ದು ಅಂತರವನ್ನು ಎರಡಕ್ಕೆ ಇಳಿಸಿದರು. ಉಳಿದದ್ದು ಎರಡೇ ನಿಮಿಷ. ಆಗ ಎತ್ತರದ ಒಂದು ಚೆಂಡು ಕೆರಿಯ ಗೋಲ್ ಕಡೆ ಹಾರಿ ಬಂತು. ಕೆಳಗೆ ಕಾದು ನಿಂತವರು ಕೆರಿಯ ಟಾಮಿ ಡಾಯ್ಲ್ ಮತ್ತು ಆಫಲಿಯ ಷೇಮಸ್ ಡಾರ್ಬಿ. ಡಾರ್ಬಿ ಬದಲಿ ಆಟಗಾರ, ಆಗಷ್ಟೇ ಮೈದಾನಕ್ಕೆ ಇಳಿದಿದ್ದರು. ಚೆಂಡು ಡಾಯ್ಲ್ ಕೈಗೆ ಸಿಗಲಿಲ್ಲ, ಡಾರ್ಬಿಗೆ ಸಿಕ್ಕಿತು. ಗಕ್ಕನೆ ತಿರುಗಿ ಒದ್ದರು. ಗೋಲ್‌ಕೀಪರ್ ಚಾರ್ಲಿ ನೆಲಿಗನ್ ಹಾರಿದರೂ ಎಟುಕಲಿಲ್ಲ. ಹಸಿರು ಬಾವುಟ!

ಡಾಯ್ಲ್ ಬೆನ್ನಿಗೆ ಡಾರ್ಬಿ ಕೈ ತಾಗಿಸಿದರು, ಅದು ಫೌಲ್ ಅಲ್ವಾ ಅನ್ನುವ ವಾದ ವರ್ಷಗಟ್ಟಲೆ ನಡೆಯಿತು. ರೆಫರಿ ಮಾತ್ರ ಸೀಟಿ ಊದಲಿಲ್ಲ. ಆಮೇಲೆ ಕೆರಿಗೆ ಒಂದು ಪಾಯಿಂಟ್ ಕೂಡ ಸಿಗಲಿಲ್ಲ.

ಸತತ ಐದು ಸಲ ಗೆದ್ದ ಮೊದಲ ತಂಡ ಡಬ್ಲಿನ್, ಅದೂ 2019ರಲ್ಲಿ. 1982ರಿಂದ ಅಲ್ಲಿಗೆ 37 ವರ್ಷ.

ಇನ್ನೊಂದು ಮಾತು. ಹೊಸ ಪಂದ್ಯ ನೋಡುವುದಾದರೆ ಕಿತ್ತಳೆ ಬಾವುಟವೂ ಕಾಣುತ್ತದೆ. 2025ರಿಂದ 40 ಮೀಟರ್ ಕಮಾನು ಗೆರೆಯ ಹೊರಗಿನಿಂದ ಒದ್ದ ಚೆಂಡು ಅಡ್ಡಪಟ್ಟಿ ದಾಟಿದರೆ ಎರಡು ಪಾಯಿಂಟ್. ಗೋಲ್‌ಗೆ ಈಗಲೂ ಮೂರೇ. ಸ್ಕೋರ್ ಬರೆಯುವ ರೀತಿಯೂ ಹಳೆಯದೇ. ಆ ವರ್ಷದ ಫೈನಲ್‌ನಲ್ಲಿ ಕೆರಿ 1-26, ಡೊನೆಗಾಲ್ 0-19. ಎಷ್ಟರಿಂದ ಗೆದ್ದರು ಅಂತ ಈಗ ನೀವೇ ಹೇಳಬಲ್ಲಿರಿ.